ಮೇನ್‌ಫ್ರೇಮ್ ಮೇಲೆ ಪ್ರೊಲಾಗ್: ಒಂದು ತೂಬಿನ ಲೆಕ್ಕದಿಂದ ಶುರು

ಸಿರುಗುಪ್ಪ ಕಡೆಯ ಕೊನೇ ಭಾಗದ ರೈತರು ಪ್ರತಿ ಹಂಗಾಮಿನಲ್ಲೂ ಕೇಳುವ ಪ್ರಶ್ನೆ ಒಂದೇ: ನಮ್ಮ ತೂಬಿಗೆ ನೀರು ಮುಟ್ಟುತ್ತದೋ ಇಲ್ಲವೋ? ಉತ್ತರಕ್ಕೆ ಬೇಕಾದ ಮಾಹಿತಿ ಬಿಡಿಬಿಡಿಯಾಗಿ ಎಲ್ಲರಿಗೂ ಗೊತ್ತು. ತುಂಗಭದ್ರಾ ಜಲಾಶಯದ ಬಲದಂಡೆಯಿಂದ ಕೆಳಮಟ್ಟದ ಕಾಲುವೆ, ಅಂದರೆ ಎಲ್‌ಎಲ್‌ಸಿ, ಹೊರಡುತ್ತದೆ. ಕುರುಗೋಡು, ಸಿರುಗುಪ್ಪ ಭಾಗದ ಗದ್ದೆಗಳಿಗೆ ನೀರು ಕೊಟ್ಟು ಅದು ಕರ್ನೂಲು ಜಿಲ್ಲೆಯತ್ತ ಸಾಗುತ್ತದೆ. ಮೇಲ್ಮಟ್ಟದ ಎಚ್‌ಎಲ್‌ಸಿ ಬಳ್ಳಾರಿ ಕಡೆಯಿಂದ ಅನಂತಪುರದತ್ತ ಹೋಗುತ್ತದೆ. ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ತೂಬು. ಈ ತುಂಡುಗಳನ್ನು ಜೋಡಿಸಿ ‘ಮುಟ್ಟುತ್ತದೆ’ ಎಂಬ ತೀರ್ಮಾನಕ್ಕೆ ಬರುವುದೇ ತರ್ಕ.

ಇದನ್ನು ಕಂಪ್ಯೂಟರಿಗೆ ಒಪ್ಪಿಸುವ ದಾರಿ ಎರಡು. ಕೋಬಾಲ್, ಸಿ, ಪೈಥಾನ್‌ಗಳಲ್ಲಾದರೆ ಹುಡುಕುವ ಕ್ರಮವನ್ನೂ ನಾವೇ ಬರೆಯಬೇಕು: ಈ ಕಡತ ತೆರೆ, ಈ ಸಾಲು ಓದು, ಹೊಂದದಿದ್ದರೆ ಮುಂದಿನ ಸಾಲಿಗೆ ಹೋಗು. ಪ್ರೊಲಾಗ್‌ನಂಥ ತರ್ಕದ ಭಾಷೆಯಲ್ಲಿ ಗೊತ್ತಿರುವ ಸಂಗತಿಗಳನ್ನೂ ನಿಯಮಗಳನ್ನೂ ಬರೆದಿಟ್ಟು ಪ್ರಶ್ನೆ ಕೇಳಿದರೆ ಸಾಕು, ಹುಡುಕಾಟ ಯಂತ್ರದ ಪಾಲಿಗೆ. ದಶಕಗಳಿಂದ ಬ್ಯಾಂಕು, ವಿಮೆ, ಸರ್ಕಾರಿ ಲೆಕ್ಕಗಳನ್ನು ಹೊತ್ತಿರುವ ಮೇನ್‌ಫ್ರೇಮ್ ಕಂಪ್ಯೂಟರಿನ ಮೇಲೆ ಇಂಥ ಭಾಷೆಯನ್ನು ಓಡಿಸುವುದು ಹೇಗೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ನೋಡೋಣ. ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಮತ್ತು ಕುತೂಹಲ ಇರುವ ಯಾರಿಗಾದರೂ ಇದು ಎಟುಕುತ್ತದೆ.

ಮೊದಲು ಪ್ರೋಗ್ರಾಮ್. ಉಪಕಾಲುವೆ, ತೂಬುಗಳ ಸಂಖ್ಯೆ ಉದಾಹರಣೆಗಾಗಿ ಇಟ್ಟದ್ದು.

ನೀರು(ಜಲಾಶಯ, ಮೇಲಿನ_ಕಾಲುವೆ).
ನೀರು(ಜಲಾಶಯ, ಕೆಳಗಿನ_ಕಾಲುವೆ).
ನೀರು(ಕೆಳಗಿನ_ಕಾಲುವೆ, ಉಪಕಾಲುವೆ_2).
ನೀರು(ಉಪಕಾಲುವೆ_2, ತೂಬು_5).

ಮುಟ್ಟುತ್ತದೆ(_ಮೇಲೆ, _ಕೆಳಗೆ) :- ನೀರು(_ಮೇಲೆ, _ಕೆಳಗೆ).
ಮುಟ್ಟುತ್ತದೆ(_ಮೇಲೆ, _ಕೆಳಗೆ) :- ನೀರು(_ಮೇಲೆ, _ನಡುವೆ), ಮುಟ್ಟುತ್ತದೆ(_ನಡುವೆ, _ಕೆಳಗೆ).

ಕನ್ನಡದಲ್ಲೇ ಬರೆದಿದ್ದೇನೆ, ಏಕೆಂದರೆ ಇದು ನಿಜಕ್ಕೂ ಓಡುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯಾನ್ ವೀಲೆಮಾಕರ್ 1987ರಲ್ಲಿ ಶುರುಮಾಡಿದ ಎಸ್‌ಡಬ್ಲ್ಯುಐ-ಪ್ರೊಲಾಗ್ ಯೂನಿಕೋಡ್ ಹೆಸರುಗಳನ್ನು ಒಪ್ಪಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಶುರುವಾದರೆ ಅದು ಚರ, ಸಣ್ಣಕ್ಷರವಾದರೆ ಸ್ಥಿರ ಹೆಸರು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಹಾಗಾಗಿ ಚರದ ಮುಂದೆ ಅಡಿಗೆರೆ ಹಾಕಬೇಕು, ಮೇಲೆ ‘_ಮೇಲೆ’, ‘_ನಡುವೆ’ ಎಂದು ಬರೆದಂತೆ. ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ನಡುವೆ ಒತ್ತುವ, ಕಣ್ಣಿಗೆ ಕಾಣದ ಕೊಂಡಿ-ಮುರಿ ಅಕ್ಷರ ಹೆಸರಿನೊಳಗೆ ಸೇರಿದ್ದರೆ ಆ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡುವುದು ಕ್ಷೇಮ.

ಎರಡು ನಿಯಮಗಳಲ್ಲಿ ಮೊದಲನೆಯದು ನೇರ ಸಂಪರ್ಕದ್ದು. ಎರಡನೆಯದು, ನಡುವೆ ಇನ್ನೊಂದು ತಾಣವಿದ್ದು ಅಲ್ಲಿಂದ ಮುಂದಕ್ಕೆ ನೀರು ಮುಟ್ಟುವುದಾದರೂ ಸೈ ಎನ್ನುತ್ತದೆ. ಈಗ ‘ಮುಟ್ಟುತ್ತದೆ(ಜಲಾಶಯ, ತೂಬು_5)’ ಎಂದು ಕೇಳಿದಿರಿ ಎನ್ನಿ. ಜಲಾಶಯದಿಂದ ಐದನೇ ತೂಬಿಗೆ ನೇರ ಸಂಗತಿ ಇಲ್ಲ, ಮೊದಲ ನಿಯಮ ಸೋತಿತು. ಎರಡನೆಯದಕ್ಕೆ ಬಂದು ‘_ನಡುವೆ’ ಜಾಗದಲ್ಲಿ ಮೇಲಿನ ಕಾಲುವೆಯನ್ನು ಹಾಕಿ ನೋಡುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಪ್ರೊಲಾಗ್ ಆಗ ಕೈಚೆಲ್ಲುವುದಿಲ್ಲ, ಆಯ್ಕೆ ಇದ್ದ ಕವಲಿಗೆ ಹಿಂದಿರುಗಿ, ‘_ನಡುವೆ’ಗೆ ಕೊಟ್ಟ ಬೆಲೆಯನ್ನು ಅಳಿಸಿ, ಕೆಳಗಿನ ಕಾಲುವೆಯನ್ನು ಹಿಡಿಯುತ್ತದೆ. ಉಪಕಾಲುವೆ, ತೂಬು ಸಿಕ್ಕು ಉತ್ತರ ‘ಹೌದು’. ಇದೇ ಪ್ರೋಗ್ರಾಮನ್ನು ತಿರುಗಿಸಿಯೂ ಕೇಳಬಹುದು: ‘ಮುಟ್ಟುತ್ತದೆ(_ಎಲ್ಲಿಂದ, ತೂಬು_5)’ ಎಂದರೆ ಆ ತೂಬಿಗೆ ಮೇಲಿನಿಂದ ಒದಗುವ ತಾಣಗಳನ್ನೆಲ್ಲ ಒಂದೊಂದಾಗಿ ಹೇಳುತ್ತದೆ. ಒಂದೇ ನಿಯಮ ಎರಡೂ ದಿಕ್ಕಿಗೆ ದುಡಿಯುವುದು ನನಗೆ ಈ ಭಾಷೆಯಲ್ಲಿ ಅತ್ಯಂತ ಪ್ರಿಯವಾದ ಗುಣ.

ಆದರೆ ಈ ಸೌಕರ್ಯಕ್ಕೆ ಬೆಲೆ ಇದೆ, ಮತ್ತು ಮೇನ್‌ಫ್ರೇಮಿನ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಹಿಂದಿರುಗಬೇಕಾದ ಪ್ರತಿ ಕವಲನ್ನೂ, ಅಳಿಸಬೇಕಾದ ಪ್ರತಿ ಬೆಲೆಯನ್ನೂ ಯಂತ್ರ ನೆನಪಿಟ್ಟುಕೊಳ್ಳಬೇಕು. ಹುಡುಕಾಟ ಆಳಕ್ಕಿಳಿದಷ್ಟೂ ಮೆಮೊರಿ ಬೇಕು. 1970ರ ದಶಕದಲ್ಲಿ ಅಷ್ಟು ಮೆಮೊರಿ ಇದ್ದದ್ದು ದೊಡ್ಡ ಯಂತ್ರಗಳಲ್ಲಿ ಮಾತ್ರ. ಪ್ರೊಲಾಗ್ ಹುಟ್ಟಿದ್ದೂ ಅಲ್ಲೇ.

ಫ್ರಾನ್ಸಿನ ಮಾರ್ಸೇ ನಗರದಲ್ಲಿ ಅಲೇನ್ ಕೋಲ್ಮೆರೋವರ್, ಫಿಲಿಪ್ ರೂಸೆಲ್ 1972ರಲ್ಲಿ ಫ್ರೆಂಚ್ ವಾಕ್ಯಗಳನ್ನು ಅರ್ಥಮಾಡಿಕೊಂಡು ಅವುಗಳಿಂದ ತೀರ್ಮಾನ ಹೊರಡಿಸುವ ಪ್ರೋಗ್ರಾಮಿನ ಬೆನ್ನು ಹತ್ತಿದ್ದರು. ತರ್ಕದ ವಾಕ್ಯವನ್ನೇ ಪ್ರೋಗ್ರಾಮಾಗಿ ಓದಬಹುದೆಂಬ ಚಿಂತನೆಯಲ್ಲಿ ಎಡಿನ್‌ಬರೋದ ರಾಬರ್ಟ್ ಕೊವಾಲ್ಸ್ಕಿ ಜೊತೆಯಾದರು. ಕೆಲಸ ನಡೆದದ್ದು ಮಾರ್ಸೇಯಲ್ಲಿ, ಯಂತ್ರ ಇದ್ದದ್ದು ಗ್ರೆನೋಬಲ್ ಎಂಬ ಬೇರೆ ಊರಿನಲ್ಲಿ. ಅದು ಐಬಿಎಂ 360-67. ಟೆಲಿಫೋನ್ ತಂತಿಯ ತುದಿಗೆ ಟೆಲಿಟೈಪ್ ಜೋಡಿಸಿಕೊಂಡು ಅವರು ಕೂರುತ್ತಿದ್ದರು. ಮೊದಲ ಪ್ರೊಲಾಗನ್ನು ರೂಸೆಲ್ ಆಲ್ಗಾಲ್-ಡಬ್ಲ್ಯು ಭಾಷೆಯಲ್ಲಿ ಬರೆದರು.

ಆ ಯಂತ್ರದ ಮೇಲೆ ಓಡುತ್ತಿದ್ದ ಸಿಪಿ-ಸಿಎಂಎಸ್ ಎಂಬ ವ್ಯವಸ್ಥೆ ಒಂದೇ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳನ್ನಾಗಿ ಹಂಚುತ್ತಿತ್ತು. ತಂತಿಯ ತುದಿಯಲ್ಲಿದ್ದವರಿಗೂ ಇಡೀ ಕಂಪ್ಯೂಟರ್ ತಮ್ಮದೇ ಎಂಬಂತೆ ಜಾಗ ಸಿಗುತ್ತಿತ್ತು. ಅದರ ವಂಶ ವಿಎಂ/370 ಆಗಿ ಬೆಳೆದು ಇಂದಿನ ಝಡ್/ವಿಎಂವರೆಗೆ ಬಂದಿದೆ. ಬಳ್ಳಾರಿಯಲ್ಲಿ ಕೂತು ದೂರದ ಮೇನ್‌ಫ್ರೇಮಿಗೆ ಇಂಟರ್‌ನೆಟ್‌ನಲ್ಲಿ ಸೇರಿಕೊಳ್ಳುವ ವಿದ್ಯಾರ್ಥಿಯ ಸ್ಥಿತಿ ರೂಸೆಲ್ ಅವರದಕ್ಕಿಂತ ಬೇರೆಯಲ್ಲ. ಯಂತ್ರ ಊರಲ್ಲಿ ಇಲ್ಲ ಎಂಬ ಕಾರಣಕ್ಕೆ ಈ ವಿದ್ಯೆ ನಮ್ಮದಲ್ಲ ಎಂದುಕೊಳ್ಳಬಾರದು. ಈ ಭಾಷೆಯ ಹುಟ್ಟೇ ಹಾಗಿತ್ತು.

ವೇಗ ಬಂದದ್ದು ಎಡಿನ್‌ಬರೋದಿಂದ. ಅಲ್ಲಿ ಡೇವಿಡ್ ಎಚ್. ಡಿ. ವಾರನ್ 1977ರ ಹೊತ್ತಿಗೆ ಡೆಕ್-10 ಯಂತ್ರಕ್ಕೆ ಪ್ರೊಲಾಗ್ ಕಂಪೈಲರ್ ಕಟ್ಟಿದರು. ಡೆಕ್-10ರ ಒಂದು ಪದಕ್ಕೆ 36 ಬಿಟ್, ವಿಳಾಸಕ್ಕೆ 18 ಬಿಟ್. ಅಂದರೆ ಒಂದು ಪದದಲ್ಲಿ ಸರಿಯಾಗಿ ಎರಡು ವಿಳಾಸ ಹಿಡಿಸುತ್ತವೆ. ವಾರನ್ ಇದನ್ನು ಸೊಗಸಾಗಿ ಬಳಸಿಕೊಂಡರು: ಒಂದು ಅರ್ಧದಲ್ಲಿ ನಿಯಮದ ಅಚ್ಚು ಎಲ್ಲಿದೆ ಎಂಬ ವಿಳಾಸ, ಇನ್ನೊಂದು ಅರ್ಧದಲ್ಲಿ ಆ ಹೊತ್ತಿನ ಚರಗಳ ಬೆಲೆಗಳು ಎಲ್ಲಿವೆ ಎಂಬ ವಿಳಾಸ. ನಿಯಮವನ್ನು ಪ್ರತಿ ಸಲ ನಕಲು ಮಾಡುವ ಅಗತ್ಯವೇ ಬೀಳಲಿಲ್ಲ. ಲಿಸ್ಪ್ ಭಾಷೆಯ ವೇಗಕ್ಕೆ ಪ್ರೊಲಾಗ್ ಸರಿಗಟ್ಟಬಲ್ಲದು ಎಂದು ಲೂಯಿಸ್ ಪೆರೇರಾ, ಫರ್ನಾಂಡೊ ಪೆರೇರಾ ಜೊತೆ ಅವರು ತೋರಿಸಿಕೊಟ್ಟರು. ಆದರೆ 18 ಬಿಟ್ ವಿಳಾಸವೆಂದರೆ ಒಟ್ಟು 2,62,144 ಪದಗಳಷ್ಟೇ. ಯಂತ್ರದ ಅಳತೆಗೆ ಅಷ್ಟು ನಿಖರವಾಗಿ ಹೊಲಿದ ವಿನ್ಯಾಸ ಬೇರೆ ಯಂತ್ರಕ್ಕೆ ಹೊಂದುವುದೂ ಕಷ್ಟ. ವಾರನ್ 1983ರಲ್ಲಿ ಯಂತ್ರಕ್ಕೆ ಅಂಟಿಕೊಳ್ಳದ ಹೊಸ ನಕ್ಷೆಯೊಂದನ್ನು ಮುಂದಿಟ್ಟರು. ವಾರನ್ ಅಮೂರ್ತ ಯಂತ್ರ ಎಂಬ ಆ ನಕ್ಷೆಯ ಮೇಲೆಯೇ ನಂತರದ ಬಹಳಷ್ಟು ಪ್ರೊಲಾಗ್‌ಗಳು ನಿಂತಿವೆ.

ಡೆಕ್-10 ಕರ್ನಾಟಕಕ್ಕೂ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360/44ರ ನಂತರ ಅದೇ ಸರಣಿಯ ಡೆಕ್ 1090 ಬಂತು. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಗಿದ್ದ ಕಾಲ ಅದು. 1982ರಲ್ಲಿ ಜಪಾನ್ ತರ್ಕದ ಭಾಷೆಯನ್ನೇ ಬುನಾದಿಯಾಗಿಟ್ಟುಕೊಂಡು ಐದನೇ ತಲೆಮಾರಿನ ಕಂಪ್ಯೂಟರ್ ಯೋಜನೆ ಹಾಕಿಕೊಂಡಾಗ ಜಗತ್ತಿನ ಗಮನ ಪ್ರೊಲಾಗ್ ಕಡೆ ತಿರುಗಿತು. ಭಾರತವೂ 1986ರಲ್ಲಿ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭಿಸಿತು. ಅದರ ಕೇಂದ್ರಗಳಲ್ಲಿ ವಿಜ್ಞಾನ ಸಂಸ್ಥೆಯೂ ಒಂದು, ಅದರ ಪಾಲಿಗೆ ಬಂದದ್ದು ಸಮಾಂತರ ಗಣನೆ.

ಐಬಿಎಂ ಯಂತ್ರಗಳ ಕಡೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಪ್ರೊಲಾಗ್ 1977ರಿಂದ ವಿಎಂ/ಸಿಎಂಎಸ್ ಮೇಲೆ ಓಡುತ್ತಿತ್ತು, 1980ರ ದಶಕದ ನಡುವೆ ಐಬಿಎಂ ತನ್ನದೇ ವಿಎಂ/ಪ್ರೊಲಾಗ್ ತಂದಿತು. ಇವುಗಳನ್ನು ಕಟ್ಟಿದವರು ಎದುರಿಸಿದ ತೊಡಕುಗಳು ಇಂದಿಗೂ ಹಳೆಯವಾಗಿಲ್ಲ. ಸ್ವಲ್ಪ ನಿಂತು ನೋಡಬೇಕು.

ಮೊದಲನೆಯದು ವಿಳಾಸ. ಸಿಸ್ಟಮ್/370ರ ಪದ 32 ಬಿಟ್, ವಿಳಾಸ 24 ಬಿಟ್. ಉಳಿದ 8 ಬಿಟ್ ಖಾಲಿ. ‘ಇದು ಚರ, ಇದು ಹೆಸರು, ಇದು ಪಟ್ಟಿ’ ಎಂಬ ಗುರುತನ್ನು ಪ್ರತಿ ಬೆಲೆಗೂ ಅಂಟಿಸಬೇಕಾದ ಪ್ರೊಲಾಗ್‌ಗೆ ಆ ಖಾಲಿ ಜಾಗ ಹೇಳಿ ಮಾಡಿಸಿದ್ದು. ಆದರೆ 1980ರ ದಶಕದಲ್ಲಿ ವಿಳಾಸ 31 ಬಿಟ್ಟಿಗೆ ಬೆಳೆದಾಗ ಮೇಲಿನ ಬೈಟಿನಲ್ಲಿ ಗುರುತು ಬಚ್ಚಿಟ್ಟಿದ್ದ ಪ್ರೋಗ್ರಾಮುಗಳು ಹಳೆಯ 24 ಬಿಟ್ ವಿಳಾಸಕ್ಕೇ ಕಟ್ಟುಬಿದ್ದವು. 16 ಮೆಗಾಬೈಟಿನ ಗಡಿ ದಾಟಬೇಕೆಂದರೆ ಅವುಗಳನ್ನು ತಿದ್ದಿ ಬರೆಯಬೇಕಾಯಿತು. 2000ದಲ್ಲಿ 64 ಬಿಟ್ ಬಂದಾಗ ಮತ್ತೊಂದು ಸುತ್ತು.

ಎರಡನೆಯದು ಅಕ್ಷರ. ಹೆಚ್ಚು ಜನ ಎಡವುವುದು ಇಲ್ಲೇ. ನಮ್ಮ ಲ್ಯಾಪ್‌ಟಾಪುಗಳು ಆಸ್ಕಿ, ಯೂನಿಕೋಡ್ ಸಂಖ್ಯೆಗಳನ್ನು ಬಳಸಿದರೆ ಐಬಿಎಂ ಮೇನ್‌ಫ್ರೇಮಿನ ಹಳೆಯ ರೂಢಿ ಎಬ್ಸಿಡಿಕ್. ಆಸ್ಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳು 97ರಿಂದ 122ರವರೆಗೆ ಸಾಲಾಗಿ ಕೂತಿವೆ. ಎಬ್ಸಿಡಿಕ್‌ನಲ್ಲಿ ಅವು ಮೂರು ಗುಂಪಾಗಿ ಒಡೆದಿವೆ: 129ರಿಂದ 137, 145ರಿಂದ 153, 162ರಿಂದ 169. ‘ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ನಡುವೆ ಇದ್ದರೆ ಅದು ಸಣ್ಣಕ್ಷರ’ ಎಂದು ನಂಬಿ ಬರೆದ ಪ್ರೋಗ್ರಾಮ್ ನಡುವಿನ ಸಂದುಗಳಲ್ಲಿ ಕೂತ ಅಕ್ಷರವಲ್ಲದ ಚಿಹ್ನೆಗಳನ್ನೂ ಅಕ್ಷರವೆಂದೇ ಎಣಿಸುತ್ತದೆ. ಚರವೋ ಸ್ಥಿರವೋ ಎಂಬುದನ್ನು ಮೊದಲ ಅಕ್ಷರದಿಂದಲೇ ತೀರ್ಮಾನಿಸುವ ಪ್ರೊಲಾಗ್‌ಗೆ ಇದು ಸಣ್ಣ ಪೆಟ್ಟಲ್ಲ. ಇನ್ನು ಪಟ್ಟಿ ಬರೆಯಲು ಬೇಕಾದ ಚೌಕ ಆವರಣ: ಎಬ್ಸಿಡಿಕ್‌ನ 037 ಎಂಬ ಸಂಕೇತ-ಪುಟದಲ್ಲಿ ತೆರೆಯುವ ಆವರಣದ ಸಂಖ್ಯೆ 186, 1047 ಪುಟದಲ್ಲಿ 173. ಕಡತವನ್ನು ಒಂದು ಪುಟದಲ್ಲಿ ಬರೆದು ಇನ್ನೊಂದರಲ್ಲಿ ಓದಿಸಿದರೆ ಪರದೆಯ ಮೇಲೆ ಬೇರೆ ಚಿಹ್ನೆ, ಪ್ರೊಲಾಗ್‌ನಿಂದ ವಾಕ್ಯರಚನೆ ತಪ್ಪೆಂಬ ದೂರು. ಪ್ರೋಗ್ರಾಮ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿ ಮೇನ್‌ಫ್ರೇಮಿನಲ್ಲಿ ಮೊದಲ ಸಾಲಿನಲ್ಲೇ ನಿಂತರೆ, ತರ್ಕವನ್ನು ಅನುಮಾನಿಸುವ ಮೊದಲು ಆವರಣದ ಸಂಖ್ಯೆಯನ್ನು ನೋಡಿ. ಆ ಒಂದು ಬೈಟಿನ ಪುಟಗಳಲ್ಲಿ ಕನ್ನಡಕ್ಕಂತೂ ಜಾಗವೇ ಇಲ್ಲ.

ಮೂರನೆಯದು ಸಂಭಾಷಣೆಯ ರೀತಿ. ಒಂದು ಉತ್ತರ ಬಂದ ಮೇಲೆ ಅರ್ಧವಿರಾಮ ಒತ್ತಿದರೆ ಪ್ರೊಲಾಗ್ ಮುಂದಿನ ಉತ್ತರ ಹುಡುಕುತ್ತದೆ, ಕೀಲಿ ಒತ್ತಿದ ತಕ್ಷಣ. ಆದರೆ ಐಬಿಎಂ ಮೇನ್‌ಫ್ರೇಮಿನ 3270 ಟರ್ಮಿನಲ್ ಒಂದೊಂದೇ ಕೀಲಿಯನ್ನು ಕಳಿಸುವುದಿಲ್ಲ. ಪರದೆಯಲ್ಲಿ ತುಂಬಿದ್ದನ್ನೆಲ್ಲ ಎಂಟರ್ ಒತ್ತಿದಾಗ ಒಟ್ಟಿಗೆ ಕಳಿಸುತ್ತದೆ. ಇದು ಅಭ್ಯಾಸದ ಮಾತು, ಅಷ್ಟೇ.

ಮೇನ್‌ಫ್ರೇಮಿನಲ್ಲಿ ಬಹುಪಾಲು ಕೆಲಸ ಸಂಭಾಷಣೆಯಿಲ್ಲದೆ, ರಾತ್ರಿಯ ಬ್ಯಾಚ್ ಜಾಬ್ ಆಗಿ ನಡೆಯುತ್ತದೆ. ಜಾಬ್ ಕೊಡುವಾಗಲೇ ಇಷ್ಟು ಪ್ರೊಸೆಸರ್ ಸಮಯ, ಇಷ್ಟು ಮೆಮೊರಿ ಎಂದು ಜೆಸಿಎಲ್ ಎಂಬ ಆದೇಶ ಭಾಷೆಯಲ್ಲಿ ಬರೆಯಬೇಕು. ನಮ್ಮ ಕಾಲುವೆ ಪ್ರೋಗ್ರಾಮಿಗೆ ಯಾರೋ ತಪ್ಪಾಗಿ ‘ನೀರು(ತೂಬು_5, ಕೆಳಗಿನ_ಕಾಲುವೆ)’ ಎಂಬ ಸಂಗತಿ ಸೇರಿಸಿದರು ಎಂದಿಟ್ಟುಕೊಳ್ಳಿ. ಈಗ ಸುತ್ತು ಪೂರ್ಣವಾಯಿತು. ಇಲ್ಲದ ಒಂದು ತೂಬಿನ ಬಗ್ಗೆ ಕೇಳಿದರೆ ಪ್ರೊಲಾಗ್ ಕಾಲುವೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ ಕೊನೆಯಿಲ್ಲದೆ ಸುತ್ತುತ್ತದೆ. ಲ್ಯಾಪ್‌ಟಾಪಿನಲ್ಲಿ ಉತ್ತರ ಬಾರದೆ ಓಡುತ್ತಲೇ ಇರುತ್ತದೆ, ಇಲ್ಲವೇ ಸ್ಟ್ಯಾಕ್ ತುಂಬಿತೆಂಬ ಸಂದೇಶ ಬರುತ್ತದೆ. ಐಬಿಎಂ ಮೇನ್‌ಫ್ರೇಮಿನ ಕಾರ್ಯಾಚರಣೆ ವ್ಯವಸ್ಥೆಯಾದ ಝಡ್/ಒಎಸ್‌ನಲ್ಲಿ ಕೊಟ್ಟ ಸಮಯ ಮೊದಲು ಮುಗಿದರೆ ಎಸ್322 ಎಂಬ ಸಂಕೇತದೊಂದಿಗೆ ಜಾಬ್ ಸಾಯುತ್ತದೆ, ಮೆಮೊರಿ ಮೊದಲು ಮುಗಿದರೆ ಎಸ್878 ಅಥವಾ ಎಸ್80ಎ. ಬೆಳಿಗ್ಗೆ ಬಂದು ಈ ಸಂಕೇತ ಕಂಡವರು ಸಾಮಾನ್ಯವಾಗಿ ಸಮಯದ ಮಿತಿ ಹೆಚ್ಚಿಸಿ ಮತ್ತೆ ಓಡಿಸುತ್ತಾರೆ. ತರ್ಕದ ಪ್ರೋಗ್ರಾಮಿನಲ್ಲಿ ಮೊದಲು ಸುತ್ತು ಇದೆಯೇ ಎಂದು ಹುಡುಕಬೇಕು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಎಕ್ಸ್‌ಎಸ್‌ಬಿ ಎಂಬ ಪ್ರೊಲಾಗ್ ಬಳಕೆಗೆ ತಂದ, ಈಗ ಎಸ್‌ಡಬ್ಲ್ಯುಐ-ಪ್ರೊಲಾಗ್‌ನಲ್ಲೂ ಇರುವ ಟೇಬ್ಲಿಂಗ್ ಇದಕ್ಕೆ ಸರಿಯಾದ ಮದ್ದು. ‘ಮುಟ್ಟುತ್ತದೆ’ ನಿಯಮಕ್ಕೆ ಟೇಬಲ್ ಘೋಷಣೆಯ ಒಂದು ಸಾಲು ಸೇರಿಸಿದರೆ, ಒಮ್ಮೆ ಕೇಳಿದ ಪ್ರಶ್ನೆಯನ್ನು ಮತ್ತೆ ಬೆನ್ನಟ್ಟದೆ ಸಿಕ್ಕ ಉತ್ತರಗಳನ್ನು ಪಟ್ಟಿಯಲ್ಲಿಟ್ಟು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ಇಂದು ಓಡಿಸಲು ಸುಲಭದ ದಾರಿ ಲಿನಕ್ಸ್. ಐಬಿಎಂ ಝಡ್ ಯಂತ್ರಗಳ ಮೇಲೆ ಲಿನಕ್ಸ್ 2000ದಿಂದ ಓಡುತ್ತಿದೆ. ಆ ಬಗೆಯ ಯಂತ್ರಕ್ಕೆ ಎಸ್390ಎಕ್ಸ್ ಎಂದು ಹೆಸರು. ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಎಸ್‌ಡಬ್ಲ್ಯುಐ-ಪ್ರೊಲಾಗ್ ಎಸ್390ಎಕ್ಸ್‌ಗಾಗಿಯೇ ಕಟ್ಟಿ ಇಟ್ಟದ್ದು ಸಿಗುತ್ತದೆ, ಮನೆಯ ಲಿನಕ್ಸ್‌ನಲ್ಲಿ ಸ್ಥಾಪಿಸುವಂತೆಯೇ ಅಲ್ಲೂ. ಅಕ್ಷರ ಯುಟಿಎಫ್-8, ಆದ್ದರಿಂದ ನಮ್ಮ ಕನ್ನಡ ಪ್ರೋಗ್ರಾಮ್ ಹಾಗೇ ಹೋಗುತ್ತದೆ. ಕಲಿಯುವವರಿಗೆ, ಓಪನ್ ಸೋರ್ಸ್ ಕೆಲಸ ಮಾಡುವವರಿಗೆ ಐಬಿಎಂನ ಲಿನಕ್ಸ್‌ಒನ್ ಸಮುದಾಯ ಕ್ಲೌಡ್ ಸೀಮಿತ ಅವಧಿಗೆ ಉಚಿತವಾಗಿ ಇಂಥ ಯಂತ್ರ ಕೊಡುತ್ತ ಬಂದಿದೆ. ಅದೂ ಬೇಡವೆಂದರೆ ಕ್ಯೂಇಎಂಯು ಎಂಬ ಉಚಿತ ತಂತ್ರಾಂಶ ಲ್ಯಾಪ್‌ಟಾಪಿನೊಳಗೇ ಎಸ್390ಎಕ್ಸ್ ಯಂತ್ರವನ್ನು ಅನುಕರಿಸುತ್ತದೆ. ನಿಧಾನ, ಆದರೆ ಕಲಿಕೆಗೆ ಸಾಕು. ಇತಿಹಾಸ ಮುಟ್ಟಿ ನೋಡುವ ಆಸೆ ಇರುವವರು ರೋಜರ್ ಬೌಲರ್ 1999ರಲ್ಲಿ ಹೊರತಂದ ಹರ್ಕ್ಯುಲಿಸ್ ಅನುಕರಣೆಯ ಮೇಲೆ ವಿಎಂ/370ನ್ನೇ ಎಬ್ಬಿಸಬಹುದು.

ದಾಖಲೆಗಳೆಲ್ಲ ಝಡ್/ಒಎಸ್‌ನಲ್ಲೇ ಇದ್ದು ಪ್ರೊಲಾಗ್ ಕೂಡ ಅಲ್ಲೇ ಓಡಬೇಕಾದರೆ ನಾನು ಹೇಳುವುದು ಎರಡೇ ದಾರಿ. ಒಂದು, ಜಾವಾ. ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದ ಟುಪ್ರೊಲಾಗ್ ಜಾವಾದಲ್ಲಿ ಬರೆದದ್ದು. ಜಾವಾ ಒಳಗೆ ಯೂನಿಕೋಡ್ ಬಳಸುವುದರಿಂದ ಎಬ್ಸಿಡಿಕ್ ಕಾಟ ಕಡತ ಓದುವ ಬಾಗಿಲಲ್ಲೇ ನಿಲ್ಲುತ್ತದೆ. ಎರಡು, ಝಡ್/ಒಎಸ್ 2.4ರೊಂದಿಗೆ ಬಂದ ಕಂಟೇನರ್ ಸೌಲಭ್ಯ. ಅದು ಝಡ್/ಒಎಸ್ ಒಳಗೇ ಎಸ್390ಎಕ್ಸ್ ಲಿನಕ್ಸ್ ಕಂಟೇನರ್ ಓಡಿಸುತ್ತದೆ, ಅದರೊಳಗೆ ಎಸ್‌ಡಬ್ಲ್ಯುಐ-ಪ್ರೊಲಾಗ್ ಕೂರಿಸಬಹುದು. ಸಿ ಭಾಷೆಯ ಹಳೆಯ ಪ್ರೊಲಾಗ್ ಒಂದನ್ನು ಎಬ್ಸಿಡಿಕ್‌ಗೆ ಸಾಲು ಸಾಲಾಗಿ ಹೊಂದಿಸುವ ಕೆಲಸಕ್ಕೆ, ಅದೇ ಉದ್ದೇಶವಲ್ಲದಿದ್ದರೆ, ಕೈ ಹಾಕಬೇಡಿ.

ಇಷ್ಟೆಲ್ಲ ಶ್ರಮ ಯಾಕೆ? ನಿಯಮಗಳು ಓದಲು ಬರುವಂತೆ ಒಂದೇ ಕಡೆ ಇರಬೇಕು ಎಂಬುದಕ್ಕೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾರೆಕ್ ಸರ್ಗಾಟ್, ಕೊವಾಲ್ಸ್ಕಿ ಮತ್ತು ಸಂಗಡಿಗರು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯ ದೊಡ್ಡ ಭಾಗವನ್ನು ತರ್ಕದ ಪ್ರೋಗ್ರಾಮಾಗಿ ಬರೆದು 1986ರಲ್ಲಿ ಪ್ರಕಟಿಸಿದರು. ಕಾಯ್ದೆಯ ಒಂದು ಕಲಮು, ಪ್ರೋಗ್ರಾಮಿನ ಒಂದು ನಿಯಮ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಪಿಂಚಣಿ, ಬೆಳೆ ವಿಮೆ, ಜಮೀನಿನ ವಾರಸುದಾರಿಕೆಯಂಥ ವಿಷಯಗಳಲ್ಲಿ ಜನರಿಗೆ ‘ಇಲ್ಲ’ ಎಂದು ಹೇಳುವ ಯಂತ್ರ, ಯಾವ ನಿಯಮದಿಂದ ಇಲ್ಲ ಎಂಬುದನ್ನೂ ತೋರಿಸಬೇಕು. ಸಾವಿರಾರು ಸಾಲಿನ ಕೋಬಾಲ್‌ನಲ್ಲಿ ಹುದುಗಿದ ನಿಯಮಕ್ಕೆ ಅದು ಸುಲಭವಲ್ಲ.

ಆದರೆ ಪ್ರೊಲಾಗ್‌ನ ‘ಇಲ್ಲ’ ಅಪಾಯಕಾರಿ. ಅದರ ಅರ್ಥ ‘ಸಾಧಿಸಲಾಗಲಿಲ್ಲ’ ಎಂದಷ್ಟೇ, ‘ಸುಳ್ಳು’ ಎಂದಲ್ಲ. ಬರೆಯದೇ ಬಿಟ್ಟದ್ದು ಲೋಕದಲ್ಲೇ ಇಲ್ಲ ಎಂದು ಅದು ಹಿಡಿಯುತ್ತದೆ. ಕಾಲುವೆಯ ಪೂರ್ತಿ ನಕ್ಷೆ ನಮ್ಮ ಕೈಯಲ್ಲಿದ್ದಾಗ ಇದು ಸರಿ. ಆದರೆ ಒಬ್ಬ ಗೇಣಿದಾರನ ಹೆಸರು ಪಹಣಿಯಲ್ಲಿ ಇಲ್ಲವೆಂದು ‘ಇವನು ಉಳುವವನಲ್ಲ’ ಎಂದು ಯಂತ್ರ ತೀರ್ಪು ಕೊಟ್ಟರೆ ಅನ್ಯಾಯ. ಜನರ ದಾಖಲೆ ಮುಟ್ಟುವ ಪ್ರೋಗ್ರಾಮಿನಲ್ಲಿ ‘ಹೌದು’, ‘ಇಲ್ಲ’ದ ಜೊತೆಗೆ ‘ದಾಖಲೆ ಸಿಕ್ಕಿಲ್ಲ’ ಎಂಬ ಮೂರನೇ ಉತ್ತರಕ್ಕೆ ಬೇರೆಯೇ ನಿಯಮ ಬರೆಯಬೇಕು, ಆ ಉತ್ತರ ಬಂದಾಗ ಕಡತ ಒಬ್ಬ ಮನುಷ್ಯನ ಮೇಜಿಗೆ ಹೋಗಬೇಕು. ಇದರಲ್ಲಿ ರಾಜಿ ಬೇಡ.

ಸಂಗತಿಗೆ ತಾರೀಕೂ ಬೇಕು. ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿದೆ ಎಂಬ ಮಾತು 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ನಿಜ, ಆಮೇಲೆ ಅಲ್ಲ. ಕುರುಗೋಡು 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದು, ಅದಕ್ಕೂ ಹಿಂದಿನ ಕಾಗದಗಳಲ್ಲಿ ಅದು ಬಳ್ಳಾರಿ ತಾಲ್ಲೂಕಿನ ಊರು. ಮೇನ್‌ಫ್ರೇಮಿನ ದಾಖಲೆಗಳು ಮೂವತ್ತು ನಲವತ್ತು ವರ್ಷ ಹಿಂದಿನವೂ ಇರುತ್ತವೆ. ‘ತಾಲ್ಲೂಕು(ಕುರುಗೋಡು, ಕುರುಗೋಡು)’ ಎಂದು ಎರಡೇ ಅಂಶ ಬರೆದರೆ ಹಳೆಯ ಖಾತೆಗಳ ಉತ್ತರ ತಪ್ಪುತ್ತದೆ. ಎಂದಿನಿಂದ, ಎಂದಿನವರೆಗೆ ಎಂಬ ಎರಡು ಅಂಶಗಳನ್ನು ಮೊದಲ ದಿನವೇ ಸೇರಿಸಿ.

ಲ್ಯಾಪ್‌ಟಾಪಿನಿಂದ ಮೇನ್‌ಫ್ರೇಮಿಗೆ ಸಾಗಿಸುವಾಗ ಮೂಲ ಪಠ್ಯವನ್ನೇ ಒಯ್ದು ಅಲ್ಲೇ ಕಂಪೈಲ್ ಮಾಡಿ. ಬೈಟುಗಳನ್ನು ಜೋಡಿಸುವ ಕ್ರಮ ಎಸ್390ಎಕ್ಸ್‌ನಲ್ಲಿ ನಮ್ಮ ಇಂಟೆಲ್ ಯಂತ್ರಗಳಿಗೆ ತಿರುಗುಮುರುಗು, ದೊಡ್ಡ ಅಂಶದ ಬೈಟು ಅಲ್ಲಿ ಮೊದಲು ಬರುತ್ತದೆ. ಆಮೇಲೆ ಒಂದೇ ಪ್ರಶ್ನೆಪಟ್ಟಿಯನ್ನು ಎರಡೂ ಕಡೆ ಓಡಿಸಿ, ಉತ್ತರಗಳನ್ನಷ್ಟೇ ಅಲ್ಲ, ಅವು ಬಂದ ಕ್ರಮವನ್ನೂ ಹೋಲಿಸಿ. ವಿಂಗಡಿಸಿದ ಪಟ್ಟಿಗಳ ಕ್ರಮ ಬೇರೆಯಾಗಿದ್ದರೆ ಎಲ್ಲೋ ಎಬ್ಸಿಡಿಕ್ ನುಸುಳಿದೆ ಎಂದೇ ಹೆಚ್ಚಿನ ಸಂಭವ: ಅಲ್ಲಿ ಅಕ್ಷರಗಳು ಅಂಕಿಗಳಿಗಿಂತ ಮೊದಲು ಬರುತ್ತವೆ, ಆಸ್ಕಿಯಲ್ಲಿ ನಂತರ. ಊರುಗಳ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಎಚ್ಚರ ಎರಡೂ ಯಂತ್ರಗಳಿಗೆ ಅನ್ವಯಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಯೂನಿಕೋಡ್ ಸಂಖ್ಯೆಯಲ್ಲಿ ಲಕಾರದ ಬೆನ್ನಿಗೇ. ಹಾಗಾಗಿ ಪ್ರೊಲಾಗ್ ವಿಂಗಡಿಸಿದ ಪಟ್ಟಿಯಲ್ಲಿ ಬಳ್ಳಾರಿ ಬಸವನಬಾಗೇವಾಡಿಗಿಂತ ಮೊದಲು ಕಾಣಿಸಿಕೊಳ್ಳುತ್ತದೆ, ನಿಘಂಟಿನ ಕ್ರಮದಲ್ಲಿ ನಂತರ. ಕಚೇರಿಗೆ ಕೊಡುವ ಪಟ್ಟಿಯಾದರೆ ಕನ್ನಡದ ಅಕ್ಷರಕ್ರಮವನ್ನು ಸಂಗತಿಗಳಾಗಿ ಬರೆದುಕೊಂಡು ಅದರ ಪ್ರಕಾರ ವಿಂಗಡಿಸಿ.